ಕೂಸಿಗೆ ಗಂಟೆ ಎಷ್ಟು ಅಂತ ಹೇಳೋರು ಯಾರು?

ರಾತ್ರಿ ಎರಡೂವರೆ. ಇಪ್ಪತ್ತು ದಿನದ ಕೂಸು ಕಣ್ಣರಳಿಸಿಕೊಂಡು ಫ್ಯಾನಿನ ಕಡೆ ನೋಡುತ್ತಿದೆ. ಹಾಲು ಕುಡಿದಾಗಿದೆ, ತೇಗು ಬಂದಾಗಿದೆ, ಬಟ್ಟೆ ಒದ್ದೆಯಾಗಿಲ್ಲ. ಮಲಗಿಸಿದರೆ ಅಳು, ಎತ್ತಿಕೊಂಡರೆ ಗಪ್‌ಚಿಪ್. ಬೆಳಗ್ಗೆ ಹತ್ತಕ್ಕೆ ನೆಂಟರು ನೋಡೋಕೆ ಬಂದಾಗ ಇದೇ ಕೂಸು ಕೆನ್ನೆ ತಟ್ಟಿದರೂ ಕಣ್ಣು ಬಿಡುವುದಿಲ್ಲ. ‘ಹಗಲು ರಾತ್ರಿ ಅದಲುಬದಲು ಮಾಡಿಕೊಂಡಿದೆ’ ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ಸಂಜೆ ಹೊತ್ತಿಗೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಸಿದ್ಧ. ದೃಷ್ಟಿ ತೆಗೆಯಬೇಕಲ್ಲ!

ಅದಲುಬದಲು ಮಾಡೋಕೆ ಮೊದಲು ಎರಡೂ ಕೈಯಲ್ಲಿರಬೇಕು. ಕೂಸಿನ ಹತ್ತಿರ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ದಿನಕ್ಕೆ 14ರಿಂದ 17 ಗಂಟೆ ಅದು ನಿದ್ದೆ ಮಾಡುತ್ತದೆ, ಆದರೆ ಎರಡು-ಮೂರು ಗಂಟೆಯ ತುಂಡು ತುಂಡಾಗಿ. ಹೊಟ್ಟೆ ಚಿಕ್ಕದು, ತಾಯಿಹಾಲು ಬೇಗ ಕರಗುತ್ತದೆ, ಮತ್ತೆ ಎಚ್ಚರ. ಆ ತುಂಡುಗಳು ದಿನದ ಇಪ್ಪತ್ತನಾಲ್ಕು ಗಂಟೆಯಲ್ಲೂ ಚೆಲ್ಲಾಪಿಲ್ಲಿ ಬಿದ್ದಿರುತ್ತವೆ. ಹಗಲಿನ ಎಚ್ಚರವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ರಾತ್ರಿಯ ಎಚ್ಚರವನ್ನು ಮಾತ್ರ ಮನೆಯವರೆಲ್ಲ ನೆನಪಿಟ್ಟುಕೊಳ್ಳುತ್ತಾರೆ.

ಹೊಟ್ಟೆಯೊಳಗಿದ್ದಾಗ ಈ ಕೂಸಿಗೆ ಹೊತ್ತು ಗೊತ್ತಿತ್ತು. ಕತ್ತಲಾದಾಗ ತಾಯಿಯ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನು ಸುರಿಸುತ್ತದೆ. ಅದು ಮಾಸು ದಾಟಿ ಮಗುವಿನ ರಕ್ತಕ್ಕೂ ಸೇರುತ್ತದೆ. ಮಗುವಿನ ಎದೆಬಡಿತ, ಒದೆತ ಎಲ್ಲಕ್ಕೂ ಒಂದು ದಿನಚರಿ ಇರುತ್ತದೆ, ತಾಯಿಯಿಂದ ಎರವಲು ಪಡೆದ ದಿನಚರಿ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ಆ ಎರವಲು ನಿಂತುಹೋಗುತ್ತದೆ. ಸ್ವಂತ ಮೆಲಟೋನಿನ್ ರಾತ್ರಿ ಏರಿ ಹಗಲು ಇಳಿಯುವುದಕ್ಕೆ ಶುರುವಾಗೋದು ಒಂಬತ್ತರಿಂದ ಹನ್ನೆರಡು ವಾರಕ್ಕೆ. ನಡುವಿನ ಎರಡು-ಮೂರು ತಿಂಗಳು ಕೂಸಿಗೆ ಗಡಿಯಾರವೇ ಇಲ್ಲ ಅಂದರೂ ನಡೆಯುತ್ತದೆ.

ಪೂರ್ತಿ ಇಲ್ಲ ಅಂತಲ್ಲ. ಕಣ್ಣಿನಿಂದ ಬರುವ ಎರಡು ನರಗಳು ಮೆದುಳಿನ ಬುಡದಲ್ಲಿ ಒಂದನ್ನೊಂದು ದಾಟುತ್ತವೆ. ಆ ಜಾಗದ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಕೂತಿದೆ. ಹೆಸರು ಮಾತ್ರ ಮಾರುದ್ದ: ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ನಮ್ಮ ಮೈಯ ಮುಖ್ಯ ಗಡಿಯಾರ ಅದೇ. 1972ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಇಲಿಗಳಲ್ಲಿ ಆ ಗುಂಪನ್ನು ಹಾಳುಮಾಡಿ ನೋಡಿದವು. ಇಲಿಗಳ ದಿನಚರಿ ಚೂರುಚೂರಾಯಿತು, ನಮ್ಮ ಹಸುಗೂಸಿನ ಹಾಗೆಯೇ. ಮನುಷ್ಯರ ಮಗುವಿನಲ್ಲಿ ಈ ಗುಂಪು ಐದನೇ ತಿಂಗಳ ಬಸಿರಿನ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ. ಆದರೆ ಹುಟ್ಟಿದಾಗ ಇನ್ನೂ ಬಲಿತಿರುವುದಿಲ್ಲ. ತಾಳ ಹಿಡಿಯೋರು ಬಾರದ ಭಜನೆ ಮಂಡಳಿ ಅಂದುಕೊಳ್ಳಿ. ಹಾಡೋರೆಲ್ಲ ಕೂತಿದ್ದಾರೆ, ಎಲ್ಲರಿಗೂ ಹಾಡು ಬರುತ್ತದೆ, ಆದರೆ ಒಬ್ಬೊಬ್ಬರದು ಒಂದೊಂದು ಲಯ. ತಾಳ ಹಿಡಿಯುವ ಕೆಲಸ ಬೆಳಕಿನದು.

ಬೆಳಕಿಲ್ಲದೆಯೂ ಒಳಗಿನ ಗಡಿಯಾರ ನಡೆಯುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದು ನಮ್ಮ ಬೇಲಿಬದಿಯಲ್ಲೆಲ್ಲ ಸಿಗುವ ಗಿಡ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ ಜಾಕ್ ದ ಮೆರಾನ್ ಮುಟ್ಟಿದರೆ ಮುನಿ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟ. ಬಿಸಿಲು ಇಲ್ಲದಿದ್ದರೂ ಗಿಡ ಹಗಲು ಎಲೆ ಬಿಚ್ಚಿತು, ರಾತ್ರಿ ಮುಚ್ಚಿತು. ಹಾಸಿಗೆ ಹಿಡಿದ ರೋಗಿಗಳಿಗೆ ಹಗಲು ರಾತ್ರಿಯ ಅರಿವು ಇರುವುದಕ್ಕೂ ಇದಕ್ಕೂ ಏನೋ ನಂಟಿರಬೇಕು ಎಂದು ಆಗಲೇ ಊಹೆ ಮಾಡಿದ್ದರು ನೋಡಿ.

ಮನುಷ್ಯರ ವಿಷಯಕ್ಕೆ ಬಂದರೆ ನೇಥನ್ ಕ್ಲೈಟ್‌ಮನ್ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಈ ಪ್ರೊಫೆಸರು 1938ರಲ್ಲಿ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ ಶಿಷ್ಯನ ಜೊತೆ 32 ದಿನ ಇದ್ದು, ದಿನಕ್ಕೆ 28 ಗಂಟೆ ಎಂದು ಬದುಕಲು ಪ್ರಯತ್ನಪಟ್ಟರು. ಶಿಷ್ಯ ಹೊಂದಿಕೊಂಡ. ಗುರುವಿನ ಮೈ ಜಪ್ಪಯ್ಯ ಅನ್ನಲಿಲ್ಲ. ಗುಹೆಯ ಕತೆ ಎಲ್ಲರಿಗೂ ಇಷ್ಟ. ನನಗೆ ಅವರು 1953ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ ಹೆಚ್ಚು ಇಷ್ಟ. 19 ಶಿಶುಗಳ ನಿದ್ದೆ-ಎಚ್ಚರವನ್ನು ಮೂರನೇ ವಾರದಿಂದ ಇಪ್ಪತ್ತಾರನೇ ವಾರದವರೆಗೆ ಬಿಡದೆ ಬರೆದಿಟ್ಟರು. ಅದರಲ್ಲಿ ಒಂದು ಮಗುವಿನ ನಕ್ಷೆ ನಿದ್ದೆಯ ವಿಜ್ಞಾನ ಓದಿದವರಿಗೆಲ್ಲ ಪರಿಚಿತ. ಮೊದಮೊದಲು ಗೆರೆಗಳು ಹೇಗೆಂದರೆ ಹಾಗೆ. ಆಮೇಲೆ ಒಂದು ಲಯ ಕಾಣುತ್ತದೆ, ಆದರೆ ಅದು ಊರಿನ ಲಯವಲ್ಲ. ನಿದ್ದೆಯ ಹೊತ್ತು ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಜಾರುತ್ತಾ, ರಾತ್ರಿಯಿಂದ ಹಗಲಿಗೆ, ಹಗಲಿನಿಂದ ರಾತ್ರಿಗೆ ಓರೆಯಾಗಿ ಸಾಗುತ್ತದೆ. ಕೊನೆಗೆ ಮನೆಯವರ ರಾತ್ರಿಗೆ ಬಂದು ಅಂಟಿಕೊಳ್ಳುತ್ತದೆ. ಗಡಿಯಾರ ಓಡೋಕೆ ಶುರುವಾಗುವುದು ಒಂದು ಕೆಲಸ, ಅದನ್ನು ಊರಿನ ಹೊತ್ತಿಗೆ ಹೊಂದಿಸುವುದು ಇನ್ನೊಂದು.

ಎರಡನೆಯದು ಮನೆಯವರ ಕೈಯಲ್ಲಿದೆ. ನನ್ನ ತಕರಾರು ಇರುವುದೂ ಅಲ್ಲೇ.

ನಮ್ಮ ಬಾಣಂತಿ ಕೋಣೆಯನ್ನು ಒಮ್ಮೆ ನೋಡಿ. ಗಾಳಿ ತಾಗಬಾರದು, ಕಣ್ಣು ಬೀಳಬಾರದು ಅಂತ ಹಗಲೆಲ್ಲ ಕಿಟಕಿ ಮುಚ್ಚಿರುತ್ತದೆ, ಅದರ ಮೇಲೊಂದು ದಪ್ಪ ಪರದೆ. ಮಗು ಮಲಗಿದೆ ಅಂತ ಎಲ್ಲರದೂ ಪಿಸುಮಾತು. ರಾತ್ರಿ ಮಗು ಕುಂಯ್ ಅಂದ ಕೂಡಲೇ ಟ್ಯೂಬ್‌ಲೈಟ್ ಚಕ್ ಅಂತ ಹತ್ತುತ್ತದೆ. ಅಜ್ಜಿ, ಅತ್ತೆ, ಅಪ್ಪ ಎಲ್ಲ ಹಾಜರು. ಗಿಲಕಿ, ಮುದ್ದು, ಮೊಬೈಲಿನ ಬೆಳಕಲ್ಲಿ ಬಟ್ಟೆ ಬದಲಾವಣೆ. ಬೆಳಕಿನ ಲೆಕ್ಕದಲ್ಲಿ ನೋಡಿದರೆ ಹಗಲು ರಾತ್ರಿ ಅದಲುಬದಲು ಮಾಡಿದ್ದು ಕೂಸೋ, ಮನೆಯೋ?

ಸಂಖ್ಯೆಯಲ್ಲೇ ಹೇಳುತ್ತೇನೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಾಮಾನ್ಯವಾಗಿ 100ರಿಂದ 300 ಲಕ್ಸ್ ಬೆಳಕು (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ). ಮೋಡ ಕವಿದ ದಿನವೂ ಅಂಗಳದಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ನಮ್ಮ ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ಮೆದುಳಿನ ಗಡಿಯಾರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಅಕ್ಷಿಪಟದಲ್ಲಿ ಮೆಲನಾಪ್ಸಿನ್ ಎಂಬ ವರ್ಣಕ ಇರುವ ಕೆಲವು ಕೋಶಗಳಿವೆ. ಇವು ಬೆಳಕಿಗೆ ನೇರವಾಗಿ ಸ್ಪಂದಿಸುತ್ತವೆ ಎಂದು ತಿಳಿದದ್ದೇ 2002ರಲ್ಲಿ. ಇವುಗಳ ಮುಖ್ಯ ಕೆಲಸ ಚಿತ್ರ ನೋಡುವುದಲ್ಲ, ಹೊರಗೆ ಎಷ್ಟು ಬೆಳಕಿದೆ ಎಂದು ಅಳೆದು ಗಡಿಯಾರಕ್ಕೆ ವರದಿ ಕಳಿಸುವುದು. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕು ಕಂಡರೆ ಇವಕ್ಕೆ ಹುರುಪು ಜಾಸ್ತಿ. ಕೆಂಪು ಬೆಳಕಿಗೆ ಹೆಚ್ಚೇನೂ ಕ್ಯಾರೇ ಅನ್ನುವುದಿಲ್ಲ. ಬೆಳ್ಳನೆ ಎಲ್‌ಇಡಿಯಲ್ಲೂ ಮೊಬೈಲ್ ಪರದೆಯಲ್ಲೂ ನೀಲಿ ಧಾರಾಳ. ಹಳೇ ಮನೆಗಳ ಕೆಂಪು ಜೀರೋ ಬಲ್ಬ್ ಇದೆಯಲ್ಲ, ರಾತ್ರಿ ಹಾಲೂಡಿಸೋಕೆ ಅದರಷ್ಟು ಒಳ್ಳೆಯ ದೀಪ ಇಲ್ಲ. ನೀಲಿ ಜೀರೋ ಬಲ್ಬ್ ಮಾತ್ರ ಬೇಡ.

ಹಾಗಾಗಿ ಬೆಳಗಾದ ಕೂಡಲೇ ಪರದೆ ಸರಿಸಿ. ಜಗಲಿಯ ನೆರಳೋ ಕಿಟಕಿಯ ಪಕ್ಕವೋ ಸಾಕು, ಕೂಸನ್ನು ಸುಡುಬಿಸಿಲಿಗೆ ಒಡ್ಡಬೇಕಿಲ್ಲ. ಹಗಲು ನಿದ್ದೆ ಮಾಡುವಾಗಲೂ ಕುಕ್ಕರ್ ಕೂಗಲಿ, ಜನ ಮಾತಾಡಲಿ. ಬ್ರಿಟನ್ನಿನಲ್ಲಿ ಆರರಿಂದ ಹನ್ನೆರಡು ವಾರದ ಶಿಶುಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಚೆನ್ನಾಗಿ ಮಲಗುತ್ತಿದ್ದ ಮಕ್ಕಳಿಗೆ ಮಧ್ಯಾಹ್ನದ ಹೊತ್ತು ಹೆಚ್ಚು ಬೆಳಕು ಸಿಕ್ಕಿತ್ತು. ರಾತ್ರಿ ಇದರ ಉಲ್ಟಾ. ಮಂದ ಬೆಳಕು, ಮಾತಿಲ್ಲ, ಆಟವಿಲ್ಲ. ಹಾಲು, ಬಟ್ಟೆ, ಮತ್ತೆ ಹಾಸಿಗೆ. ಇಷ್ಟು ಮಾಡಿದರೆ ನಾಳೆ ರಾತ್ರಿಯಿಂದಲೇ ನಿದ್ದೆ ಬಂತು ಅಂತಲ್ಲ. ಗಡಿಯಾರಕ್ಕೆ ದಿನಾ ಒಂದೇ ಸಮಾಚಾರ ಮುಟ್ಟುತ್ತಿರಬೇಕು, ಅಷ್ಟೆ.

ಸಮಾಚಾರ ಮುಟ್ಟಿಸುವ ದಾರಿ ಬೆಳಕೊಂದೇ ಅಲ್ಲ. ರಾತ್ರಿಯ ತಾಯಿಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಹಾಲು ತಾನೇ ಹೊತ್ತು ಹೇಳುತ್ತದೆ! ಕೆಲಸಕ್ಕೆ ಹೋಗುವ ತಾಯಂದಿರು ಹಾಲು ತೆಗೆದಿಡುವಾಗ ಬಾಟಲಿ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆದರೆ ಕಷ್ಟವೇನಿಲ್ಲ.

ಇನ್ನೊಂದು ದಾರಿ ತಾಯಿಯೇ. ಇದನ್ನು ಚೆಂದವಾಗಿ ತೋರಿಸಿದವರು ನಮ್ಮ ನೆರೆಯವರು. ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಎಂ. ಕೆ. ಚಂದ್ರಶೇಖರನ್, ಮುಂದೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದವರು, ಎನ್. ವಿಶ್ವನಾಥನ್ ಜೊತೆ ಸೇರಿ ಗದ್ದೆಯ ಪುಟ್ಟ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮರಿಗಳಿಗೆ ಹಗಲು-ರಾತ್ರಿಯ ಸುಳಿವು ಸಿಗದ ಹಾಗೆ ನೋಡಿಕೊಂಡರು. 12 ಗಂಟೆ ತಾಯಿ ಜೊತೆಗಿರುತ್ತದೆ, 12 ಗಂಟೆ ಇರುವುದಿಲ್ಲ. ಮರಿಗಳ ಗಡಿಯಾರ ತಾಯಿ ಬಂದುಹೋಗುವ ಹೊತ್ತಿಗೇ ಹೊಂದಿಕೊಂಡಿತು. 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು. ಇಲಿಯಿಂದ ಮನುಷ್ಯರಿಗೆ ನೇರವಾಗಿ ಜಿಗಿಯಬಾರದು, ಸರಿ. ಆದರೂ ಸ್ನಾನ, ಎಣ್ಣೆ, ಜೋಗುಳ ದಿನಾ ಅದೇ ಹೊತ್ತಿಗೆ ಆಗಲಿ ಎನ್ನುವ ಅಜ್ಜಿಯ ಹಟಕ್ಕೆ ನಾನು ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ದೃಷ್ಟಿಗೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್‌ಟನ್ 1962ರಲ್ಲಿ 80 ಶಿಶುಗಳ ಅಳುವಿನ ಲೆಕ್ಕ ಪ್ರಕಟಿಸಿದರು. ಹುಟ್ಟಿದ ಮೇಲೆ ಅಳು ವಾರವಾರಕ್ಕೂ ಏರುತ್ತದೆ, ಆರನೇ ವಾರದ ಹೊತ್ತಿಗೆ ದಿನಕ್ಕೆ ಮೂರು ಗಂಟೆಯ ಹತ್ತಿರ ಹೋಗುತ್ತದೆ, ಮೂರು ತಿಂಗಳಿಗೆ ಇಳಿಯುತ್ತದೆ. ಅದರಲ್ಲೂ ಸಂಜೆಯ ಅಳುವೇ ಜಾಸ್ತಿ. ದೀಪ ಹಚ್ಚುವ ಹೊತ್ತಿಗೆ ಕೂಸು ರಚ್ಚೆ ಹಿಡಿಯುತ್ತದೆ, ನೀವು ದೃಷ್ಟಿ ತೆಗೆಯುತ್ತೀರಿ, ಸ್ವಲ್ಪ ಹೊತ್ತಿಗೆ ಅಳು ನಿಲ್ಲುತ್ತದೆ. ತೆಗೆಯದಿದ್ದರೂ ನಿಲ್ಲುತ್ತಿತ್ತು. ಆರನೇ ವಾರ ಬಾಲಗ್ರಹ ಅಂತ ತಾಯತ ಕಟ್ಟಿಸುತ್ತೀರಿ, ಮೂರನೇ ತಿಂಗಳಿಗೆ ಮಗು ಸರಿಹೋಗುತ್ತದೆ. ತಾಯತದವರಿಗೆ ಇದಕ್ಕಿಂತ ಸುಲಭದ ವ್ಯಾಪಾರ ಬೇಕಾ? ಮೆಣಸಿನಕಾಯಿ ಸುಟ್ಟ ಘಾಟು, ಕಣ್ಣು ಉರಿಸುವಷ್ಟು ಸಾಂಬ್ರಾಣಿ ಹೊಗೆ, ಇವು ಆ ಪುಟ್ಟ ಶ್ವಾಸಕೋಶಕ್ಕೆ ಮಾಡುವ ಕೆಡುಕು ಮಾತ್ರ ನಿಜ.

ನಿದ್ದೆ ಬರಿಸುವ ಮದ್ದುಗಳ ಚರಿತ್ರೆ ಇನ್ನೂ ಕೆಟ್ಟದ್ದು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ನಲ್ಲಿ ಇದ್ದದ್ದು ಮಾರ್ಫಿನ್. ಹೋದ ಶತಮಾನದ ಆರಂಭದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಮಗು ಮಲಗಿರಲಿ ಅಂತ ‘ಬಾಲಗೋಳಿ’ ಕೊಡುತ್ತಿದ್ದರು. ಅದರಲ್ಲಿ ಇದ್ದದ್ದು ಅಫೀಮು. ಬಡತನ ಮಾಡಿಸಿದ ಕೆಲಸ ಅದು, ತಾಯಂದಿರನ್ನು ಬೈದು ಫಲವಿಲ್ಲ. ಈಗ ಜಾಯಿಕಾಯಿ ತೇಯ್ದು ನೆಕ್ಕಿಸುತ್ತಾರೆ, ಬಜೆ ತೇಯ್ದು ಜೇನಲ್ಲಿ ಕಲಸುತ್ತಾರೆ. ಜಾಯಿಕಾಯಿಯ ಮಿರಿಸ್ಟಿಸಿನ್ ಮೆದುಳಿನ ಮೇಲೆ ಕೆಲಸ ಮಾಡುವ ವಸ್ತು. ಬಜೆಯನ್ನು ಅಮೆರಿಕ 1968ರಲ್ಲೇ ಆಹಾರದಿಂದ ನಿಷೇಧಿಸಿದೆ. ಜೇನಿನಲ್ಲಿ ಬೊಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದಾದ್ದರಿಂದ ಒಂದು ವರ್ಷದವರೆಗೆ ಜೇನು ಕೊಡಲೇಬಾರದು. ‘ನಮ್ಮನ್ನೆಲ್ಲ ಹೀಗೇ ಬೆಳೆಸಿದ್ದು’ ಅನ್ನುವವರು ಬೆಳೆದು ಉಳಿದವರು. ಉಳಿಯದವರು ಬಂದು ವಾದ ಮಾಡುವುದಿಲ್ಲ.

ಹಾಗಾದರೆ ಎರಡೂವರೆ ಗಂಟೆಗೆ ಏನು ಮಾಡೋದು? ಎತ್ತಿಕೊಂಡು ನಡೆಯಿರಿ. ಜಪಾನಿನ ರೈಕೆನ್ ಸಂಸ್ಥೆಯ ಕುಮಿ ಕುರೋಡಾ ತಂಡ 2013ರಲ್ಲಿ ತೋರಿಸಿದ ಹಾಗೆ, ತಾಯಿ ಎತ್ತಿಕೊಂಡು ನಡೆಯಲು ಶುರುಮಾಡಿದ ಕೂಡಲೇ ಮಗುವಿನ ಎದೆಬಡಿತ ಇಳಿಯುತ್ತದೆ, ಕೈಕಾಲಿನ ಒದ್ದಾಟ ನಿಲ್ಲುತ್ತದೆ. ಕೂತುಕೊಂಡು ಎತ್ತಿಕೊಂಡರೆ ಅಷ್ಟು ಆಗಲ್ಲ. 2022ರಲ್ಲಿ ಅವರೇ ಮಲಗಿಸುವ ಕ್ಷಣವನ್ನೂ ಅಳೆದರು. ಮಗುವಿಗೆ ಎಚ್ಚರವಾಗೋದು ಬೆನ್ನು ಹಾಸಿಗೆಗೆ ತಾಗಿದಾಗ ಅಲ್ಲ, ಅದಕ್ಕೂ ಮೊದಲು, ತಾಯಿಯ ಮೈಯಿಂದ ಬೇರೆಯಾಗಲು ಶುರುವಾದಾಗ. ಅವರ ಸಲಹೆ ಇಷ್ಟು: ಐದು ನಿಮಿಷ ನಡೆಯಿರಿ, ಮಗು ನಿದ್ದೆಗೆ ಜಾರಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿರಿ, ಆಮೇಲೆ ಮಲಗಿಸಿ. ನಾವು ಆ ಎಂಟು ನಿಮಿಷ ಕಾಯದೆ ಮಲಗಿಸೋಕೆ ಹೋಗುತ್ತೇವೆ, ಅಲ್ವಾ? ಇನ್ನೊಂದು ಮಾತು. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಚಟುವಟಿಕೆಯ ನಿದ್ದೆ. ಮುಲುಕುತ್ತದೆ, ಮುಖ ಕಿವುಚುತ್ತದೆ, ನಗುತ್ತದೆ, ದೇವರು ನಗಿಸುತ್ತಾನೆ ಅಂತೀವಲ್ಲ, ಅದು. ಆಗ ಮಗುವಿಗೆ ಎಚ್ಚರವಾಗಿರುವುದಿಲ್ಲ. ಒಂದು ನಿಮಿಷ ಸುಮ್ನೆ ನೋಡಿ. ಎಷ್ಟೋ ಸಲ ಎಬ್ಬಿಸುವವರು ನಾವೇ.

ಮಲಗಿಸುವಾಗ ಅಂಗಾತ, ಗಟ್ಟಿ ಹಾಸಿಗೆಯ ಮೇಲೆ. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬೂ ಸೇರಿ ಯಾವ ದಿಂಬೂ ಬೇಡ. ಮಗುವನ್ನು ಎದೆಮೇಲಿಟ್ಟುಕೊಂಡು ಸೋಫಾದಲ್ಲಿ ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯ. ಅದಕ್ಕೇ ಬಾಣಂತಿಗೆ ಪಾಳಿ ಬೇಕು. ಹಾಲೂಡಿಸುವುದು ಅವಳ ಕೆಲಸವೇ ಇರಬಹುದು. ತೇಗು ತರಿಸೋದು, ಬಟ್ಟೆ ಬದಲಿಸೋದು, ಎತ್ತಿಕೊಂಡು ಓಡಾಡೋದು ಅಪ್ಪನಿಂದ ಆಗದ ಕೆಲಸಗಳಲ್ಲ.

ಇಷ್ಟರಲ್ಲಿ ಯಾವುದೂ ಗಡಿಯಾರದ ತೊಂದರೆ ಅಲ್ಲದ ಅಳುವಿಗೆ ಅನ್ವಯಿಸುವುದಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಹಾಲು ಬೇಡ ಅನ್ನುವುದು, ಹಸಿರು ವಾಂತಿ, ಉಬ್ಬಿದ ನೆತ್ತಿ, ಉಸಿರಾಡುವಾಗ ಎದೆ ಒಳಸೇದುವುದು, ಉಚ್ಚೆ ತೀರಾ ಕಡಿಮೆಯಾಗುವುದು, ಇವು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ಮೊದಲ ವಾರಗಳಲ್ಲಿ ನಿದ್ದೆಯೇ ಬಿಡದ, ಹಾಲಿಗೂ ಏಳದ ಕೂಸನ್ನು ‘ಎಷ್ಟು ಪಾಪ, ತಂಟೆಯೇ ಇಲ್ಲ’ ಅಂತ ಹೊಗಳುತ್ತಾ ಕೂರುವ ಮನೆಗಳೂ ಇವೆ. ರಾತ್ರಿಯೆಲ್ಲ ರಂಪ ಮಾಡುವ ಕೂಸಿಗಿಂತ ಅದನ್ನೇ ಮೊದಲು ಡಾಕ್ಟರಿಗೆ ತೋರಿಸಬೇಕು.