ಗುಬ್ಬಿ ಕಂಪನಿಯ ಪರದೆಯೂ ಇವತ್ತಿನ ರಂಗಮಂದಿರವೂ

ತುಮಕೂರು ಕಡೆ ನಾಟಕದ ಮಾತು ಬಂದರೆ ಗುಬ್ಬಿ ಕಂಪನಿ ಬರಲೇಬೇಕು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಹುಡುಗನಾಗಿ ಅಲ್ಲಿಗೆ ಸೇರಿ 1917ರಲ್ಲಿ ಅದರ ಯಜಮಾನರಾದ ವೀರಣ್ಣನವರು, ಅಲ್ಲಿ ಬಣ್ಣ ಹಚ್ಚಿದ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ. ಇದೆಲ್ಲ ಎಲ್ಲರಿಗೂ ಗೊತ್ತು. ನಾನು ರಂಗದ ಹಿಂದೆ ಕೆಲಸ ಮಾಡುವವನು. ಲೈಟು ಕಟ್ಟುತ್ತೇನೆ, ಸೆಟ್ ಹಾಕಿಸುತ್ತೇನೆ. ಹಾಗಾಗಿ ನನ್ನ ಕಣ್ಣು ಹೋಗುವುದು ಪರದೆಯ ಮೇಲೆ.

ಕಂಪನಿ ನಾಟಕದವರು ರಂಗವನ್ನು ಹಿಂದೆ ಮುಂದೆ ಎಂದು ಪಾಲು ಮಾಡಿಕೊಳ್ಳುತ್ತಿದ್ದರು. ಮುಂದೆ ರಸ್ತೆಯ ಚಿತ್ರ ಬರೆದ ಪರದೆ, ಅಂದರೆ ರಸ್ತೆ ಸೀನು. ಅದರ ಹಿಂದೆ ದರ್ಬಾರು, ಕಾಡು, ಅರಮನೆ. ದರ್ಬಾರು ಮುಗಿದ ಕೂಡಲೇ ರಸ್ತೆ ಪರದೆ ಇಳಿಯುತ್ತದೆ. ಅದರ ಮುಂದೆ ಐದಾರು ಅಡಿ ಜಾಗದಲ್ಲಿ ಹಾಸ್ಯಗಾರ ಆಟ ಶುರು ಮಾಡುತ್ತಾನೆ. ಅಷ್ಟರಲ್ಲಿ ಹಿಂದೆ ಸಿಂಹಾಸನ ಹೋಗಿ ಕಾಡು ಬಂದಿರಬೇಕು. ಎಳೆದಾಟದ ಸದ್ದನ್ನು ಹಾರ್ಮೋನಿಯಂ, ತಬಲಾ ಮುಚ್ಚುತ್ತವೆ. ಕೆಲಸ ತಡವಾದರೆ ಹಾಸ್ಯ ಉದ್ದವಾಗುತ್ತದೆ, ಬೇಗ ಮುಗಿದರೆ ಮೊಟಕಾಗುತ್ತದೆ. ಕಥೆಗೆ ಸಂಬಂಧವೇ ಇಲ್ಲದ ಹಾಸ್ಯ ಯಾಕೆ ತುರುಕುತ್ತಿದ್ದರು ಅಂತ ಮೂಗು ಮುರಿಯುವವರಿದ್ದಾರೆ. ಜನ ನಗಲಿ ಅಂತ ಹೌದು. ಆದರೆ ಹಿಂದೆ ಸೆಟ್ ಬದಲಿಸೋಕೆ ಟೈಮ್ ಬೇಕಲ್ವಾ? ವೀರಣ್ಣನವರೇ ದೊಡ್ಡ ಹಾಸ್ಯನಟ. 'ಸದಾರಮೆ'ಯ ಕಳ್ಳನ ಪಾತ್ರದಿಂದ ಹೆಸರಾದವರು.

1934ರ 'ಕುರುಕ್ಷೇತ್ರ'ದಲ್ಲಿ ಅವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಜನ ಇದನ್ನು ವೈಭವ ಅಂತ ನೆನೆಯುತ್ತಾರೆ. ನಾನು ಮೊದಲು ಯೋಚಿಸುವುದು ಆನೆ ಯಾವ ಕಡೆಯಿಂದ ಒಳಗೆ ಬಂತು ಅಂತ. ದಾರಿ ಅಗಲ ಇರಬೇಕು, ನೆಲ ಭಾರ ತಡೆಯಬೇಕು, ಆನೆ ಗಾಬರಿಯಾದರೆ ಹಿಂದಕ್ಕೆ ಸರಿಯಲು ಜಾಗ ಬೇಕು. ಊರೂರು ತಿರುಗುವ ಕಂಪನಿಗಳು ಬಿದಿರು, ತಟ್ಟಿ, ತಗಡು ಹಾಕಿ ತಮ್ಮ ಥಿಯೇಟರನ್ನು ತಾವೇ ಎಬ್ಬಿಸುತ್ತಿದ್ದವು. ನಾಟಕಕ್ಕೆ ಏನು ಬೇಕೋ ಅದಕ್ಕೆ ತಕ್ಕ ಹಾಗೆ ರಂಗ.

ಈಗ ಕಟ್ಟಡ ಮೊದಲು, ನಾಟಕ ಆಮೇಲೆ. ಎಷ್ಟೋ ರಂಗಮಂದಿರಗಳನ್ನು ಸಭೆ ಸಮಾರಂಭದ ಲೆಕ್ಕದಲ್ಲೇ ಕಟ್ಟಿರುತ್ತಾರೆ. ಕುರ್ಚಿ ಚೆನ್ನಾಗಿರುತ್ತದೆ, ಎಸಿ ಇರುತ್ತದೆ. ರಂಗದ ಮೇಲೆ ತಲೆ ಎತ್ತಿ ನೋಡಿದರೆ ಚಾವಣಿ ಕೈಗೆ ಸಿಗುವಂತಿರುತ್ತದೆ. ಪರದೆಯನ್ನು ಸುತ್ತದೆ ಇಡಿಯಾಗಿ ಮೇಲಕ್ಕೆಳೆದು ಮರೆಮಾಡಬೇಕಾದರೆ, ರಂಗದ ಬಾಯಿ (ಪ್ರೇಕ್ಷಕರಿಗೆ ರಂಗ ಕಾಣುವ ಮುಂದಿನ ತೆರಪು) ಎಷ್ಟು ಎತ್ತರವೋ ಅದರ ಎರಡೂವರೆ ಪಟ್ಟು ಎತ್ತರ ಒಳಗೆ ಬೇಕು. ಬಾಯಿ 16 ಅಡಿ ಇದ್ದರೆ ಒಳಗೆ 40 ಅಡಿ. ಎರಡೂ ಪಕ್ಕ ಬಾಯಿಯ ಅಗಲದ ಅರ್ಧದಷ್ಟಾದರೂ ಜಾಗ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೃಷ್ಣ, ದುರ್ಯೋಧನ ಇಬ್ಬರೂ ಒಂದೇ ಮೂಲೆಯಲ್ಲಿ ಕಿರೀಟ ತಗುಲಿಸಿಕೊಂಡು ನಿಲ್ಲಬೇಕಾಗುತ್ತದೆ.

ಬುಡದಿಂದ ಕೋಲಿಗೆ ಸುತ್ತಿಕೊಂಡು ಮೇಲೇರುವ ಪರದೆಗೆ ಇಷ್ಟು ಎತ್ತರ ಬೇಡ. ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಸೀನರಿ ಬಾಡಿಗೆ ಕೊಡುವವರು ಈಗಲೂ ಇಂಥದ್ದನ್ನೇ ತರುತ್ತಾರೆ. ಪೈಪಿನ ಚೌಕಟ್ಟು, ಹಗ್ಗ, ರಾಟೆ ಎಲ್ಲ ಅವರದ್ದೇ. ಒಮ್ಮೊಮ್ಮೆ ಪಟ್ಟಣದ ದೊಡ್ಡ ಹಾಲಿನೊಳಗೂ ಅದೇ ಚೌಕಟ್ಟು ನಿಲ್ಲಿಸಿ, ರಂಗದೊಳಗೆ ಇನ್ನೊಂದು ರಂಗ ಕಟ್ಟಿಕೊಳ್ಳುತ್ತಾರೆ. ಲಾರಿಯಲ್ಲಿ ಬಂದ ಆ ಪೈಪುಗಳು ಕೋಟಿಗಟ್ಟಲೆ ಖರ್ಚಿನ ಕಟ್ಟಡಕ್ಕಿಂತ ನಾಟಕಕ್ಕೆ ಹತ್ತಿರ ಅಂತ ನನಗೆ ಅನ್ನಿಸುತ್ತದೆ.

ಹಳೆಯ ರಂಗಮಂದಿರ ರಿಪೇರಿ ಮಾಡಿಸುವ ಕಮಿಟಿಯವರು ಸಲಹೆ ಕೇಳಿದರೆ, ಕುರ್ಚಿಯ ಬಣ್ಣ ಆಮೇಲೆ ನೋಡೋಣ ಅನ್ನುತ್ತೇನೆ. ಮೊದಲು ರಂಗದ ಮೇಲೆ ಲೈಟು, ಪರದೆಗಳ ಭಾರ ಹೊರುವ ಕಬ್ಬಿಣದ ಪೈಪು ಹಾಕಿಸಿ. ಆಮೇಲೆ ಹಿಂದಿನ ಬಾಗಿಲು ಅಳೆಯಿರಿ. ಆನೆ ಬೇಡ, ಎಂಟಡಿ ಅಗಲದ ಸಿಂಹಾಸನ ಬಿಚ್ಚದೆ ಒಳಗೆ ಬಂದರೆ ಸಾಕು.