"ನಾನು ಹೊಡೆದೇ ಇಲ್ಲ ಸಾರ್"

ಪ್ರಾಣಿ ಹಿಂಸೆ ಕೇಸು ಅಂತ ನೋಟೀಸ್ ಹಿಡ್ಕೊಂಡು ನನ್ನ ವಕೀಲಿ ಆಫೀಸಿಗೆ ಬರೋರಲ್ಲಿ ಮುಕ್ಕಾಲು ಪಾಲು ಜನ ಕುರ್ಚಿಲಿ ಕೂರೋಕ್ ಮುಂಚೆನೇ ಹೇಳೋ ಮಾತಿದು. ಸುಳ್ಳೇನಲ್ಲ, ನಿಜವಾಗ್ಲೂ ಹೊಡೆದಿರಲ್ಲ. ಆದ್ರೆ ನಮ್ಮ ಕಾನೂನು ನೀವು ಏನ್ ಮಾಡಿದ್ರಿ ಅಂತ ಕೇಳಿ ಸುಮ್ನಾಗಲ್ಲ, ಏನ್ ಮಾಡ್ಲಿಲ್ಲ ಅಂತಾನೂ ಕೇಳುತ್ತೆ, ಅಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು.

ಒಬ್ರು ಬಂದಿದ್ರು, ಎರಡು ವರ್ಷದ ಲ್ಯಾಬ್ರಡಾರ್ ಅವರದು. ಊಟ ಹೊತ್ತೊತ್ತಿಗೆ ಹಾಕ್ತೀವಿ, ಒಂದು ಏಟೂ ಹಾಕಿಲ್ಲ, ಪಕ್ಕದ ಮನೆಯವ್ರಿಗೆ ನಮ್ ಮೇಲೆ ಹೊಟ್ಟೆಕಿಚ್ಚು, ಅದಕ್ಕೇ ಕಂಪ್ಲೇಂಟ್ ಕೊಟ್ಟಿದ್ದಾರೆ ಅಂದ್ರು. ಇರಬಹುದು. ಫೈಲಲ್ಲಿದ್ದ ಫೋಟೋ ನೋಡ್ದೆ. ಮನೆ ಹಿಂದೆ ಒಂದು ಕಂಬ, ಅದಕ್ಕೆ ಗೇಟಿಗೆ ಬೀಗ ಹಾಕೋವಂಥ ದಪ್ಪ ಸರಪಳಿ, ಕಂಬದ ಸುತ್ತ ನೆಲ ಅರ್ಧಚಂದ್ರದ ಆಕಾರದಲ್ಲಿ ಸವೆದು ನುಣ್ಣಗಾಗಿದೆ, ಆ ಗೆರೆ ದಾಟಿದ ತಕ್ಷಣ ಹುಲ್ಲು ಸೊಂಪಾಗಿ ಬೆಳೆದಿದೆ. ನಾಯಿ ಎಷ್ಟು ದೂರ ಹೋಗ್ತಿತ್ತು, ಎಷ್ಟು ದಿನದಿಂದ ಅಷ್ಟರಲ್ಲೇ ಓಡಾಡ್ತಿತ್ತು ಅಂತ ಆ ನೆಲವೇ ಹೇಳ್ತಾ ಇತ್ತು, ಬೇರೆ ಸಾಕ್ಷಿ ಯಾಕೆ ಬೇಕು. ಮೇಲಿಂದ ಕುತ್ತಿಗೆಗೆ ಮರಿ ಇದ್ದಾಗ ಹಾಕಿದ ಬೆಲ್ಟು, ಬಿಚ್ಚೇ ಇಲ್ಲ, ಕೂದಲೊಳಗೆ ಹೂತುಹೋಗಿ ಚರ್ಮ ಸುಲಿದು ಕೀವಾಗಿತ್ತು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಂತ ಇದೆ. ಅದರ 3ನೇ ಸೆಕ್ಷನ್ ಬಹಳ ಚಿಕ್ಕದು, ಓದಿದ್ರೆ ಅರ್ಧ ನಿಮಿಷ ಆಗಲ್ಲ. ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅವರು ಅದರ ಯೋಗಕ್ಷೇಮಕ್ಕೆ ಬೇಕಾದ ಎಲ್ಲಾ ನ್ಯಾಯವಾದ ಕ್ರಮ ತಗೋಬೇಕು, ಅನಗತ್ಯ ನೋವಾಗದ ಹಾಗೆ ನೋಡ್ಕೋಬೇಕು, ಇಷ್ಟೇ. ಗಮನಿಸಿ, ಬರೀ ಓನರ್ ಅಂತ ಹೇಳಿಲ್ಲ. ನೀವು ಊರಿಗೆ ಹೋಗುವಾಗ ನಾಯಿ ಬಿಟ್ಟುಹೋದ ಬೋರ್ಡಿಂಗ್‌ನವನು, ನೋಡ್ಕೋತೀನಿ ಅಂತ ಒಪ್ಕೊಂಡ ಸ್ನೇಹಿತ, ಎಲ್ಲರಿಗೂ ಇದು ತಗಲುತ್ತೆ. ಹಾಗಂತ ಓನರ್ ತಪ್ಪಿಸ್ಕೊಂಡ ಅಂತಲ್ಲ, 11ನೇ ಸೆಕ್ಷನ್ನಿನ 2ನೇ ಉಪ ಸೆಕ್ಷನ್ ಪ್ರಕಾರ ಓನರ್ ಸರಿಯಾಗಿ ನಿಗಾ ಇಡದೇ ಇದ್ದದ್ದೇ ತಪ್ಪು. "ಕೆಲಸದವನಿಗೆ ಹೇಳಿದ್ದೆ" ಅನ್ನೋ ಮಾತಿಂದ ಪಾರಾಗೋಕಾಗಲ್ಲ, ಹೆಚ್ಚು ಅಂದ್ರೆ ಬರೀ ನಿಗಾ ಇಡದ ತಪ್ಪಿಗೆ ದಂಡ ಕಟ್ಟೋ ಆಯ್ಕೆ ಕೊಡದೆ ನೇರ ಜೈಲಿಗೆ ಕಳಿಸೋ ಹಾಗಿಲ್ಲ, ಅಷ್ಟೇ ರಿಯಾಯ್ತಿ.

ಯಾವುದೆಲ್ಲ ಕ್ರೌರ್ಯ ಅಂತ ಹೇಳೋ ಈ 11ನೇ ಸೆಕ್ಷನ್ನೇ ಇದ್ರಲ್ಲಿ ಮುಖ್ಯ. ಹೊಡೆಯೋದು ಒದೆಯೋದು ಮೊದಲನೇ ಸಾಲಲ್ಲೇ ಮುಗಿದುಹೋಗುತ್ತೆ, ಆಮೇಲೆ ಬರೋದೆಲ್ಲ ದಿನನಿತ್ಯದ ವಿಷಯ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಹಾಕೋದು, ಮೈ ಹೊರಳಿಸೋಕೂ ಜಾಗ ಇಲ್ಲದ ಪಂಜರದಲ್ಲಿ ಇಡೋದು, ಯಾವಾಗ್ಲೂ ಕಟ್ಟಿರೋ ನಾಯಿನ ಓಡಾಡಿಸದೇ ಇರೋದು, ಸಾಕಷ್ಟು ಆಹಾರ ನೀರು ನೆರಳು ಕೊಡದೇ ಇರೋದು, ಹಸಿವು ಬಾಯಾರಿಕೆಯಿಂದ ನರಳೋ ಸ್ಥಿತಿಯಲ್ಲಿ ಬಿಟ್ಟುಹೋಗೋದು. ಅಂದ್ರೆ ಸದಾ ಕಟ್ಟಿಹಾಕಿರೋ ನಾಯಿನ ವಾಕಿಂಗ್ ಕರ್ಕೊಂಡು ಹೋಗದೇ ಇರೋದೂ ಕಾನೂನಿನ ಲೆಕ್ಕದಲ್ಲಿ ಕ್ರೌರ್ಯವೇ! ಇದನ್ನ ಹೇಳಿದಾಗ ಎದುರಿಗಿರೋರ ಮುಖ ನೋಡ್ಬೇಕು ನೀವು. ಮನೆ ಖಾಲಿ ಮಾಡುವಾಗ "ಬೆಕ್ಕು ತಾನೇ, ಹೆಂಗೋ ಬದುಕುತ್ತೆ" ಅಂತ ಬಿಟ್ಟುಬರೋರೂ ಇದ್ರಲ್ಲೇ ಬರ್ತಾರೆ.

ಇದೆಲ್ಲ ನಾಯಿ ಬೆಕ್ಕಿಗೆ ಮಾತ್ರ ಅಂದ್ಕೋಬೇಡಿ. ಗಾಡಿ ಎಳೆಯೋ ಎತ್ತಿಗೆ 1965ರ ನಿಯಮಗಳಿವೆ, ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸೋ ಹಾಗಿಲ್ಲ, ಮಧ್ಯೆ ವಿಶ್ರಾಂತಿ ಕೊಡದೆ 5 ಗಂಟೆ ಮೀರೋ ಹಾಗಿಲ್ಲ, ಬಿಸಿಲು 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಕಟ್ಟೋ ಹಾಗೇ ಇಲ್ಲ. ಇನ್ನು ಗಿಳಿ. ನಮ್ಮ ಹಸಿರು ಗಿಳಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರೋ ಹಕ್ಕಿ, ಎಷ್ಟೇ ದೊಡ್ಡ ಪಂಜರ ಮಾಡಿಸಿ, ಎಷ್ಟೇ ಮುದ್ದಾಗಿ ನೋಡ್ಕೊಳ್ಳಿ, ಮನೇಲಿ ಇಟ್ಕೊಳ್ಳೋದೇ ಅಪರಾಧ.

ಸರಿ, "ನ್ಯಾಯವಾದ ಕ್ರಮ" ಅಂದ್ರೆ ಎಷ್ಟು? ಸರಪಳಿ ಇಷ್ಟೇ ಅಡಿ ಇರ್ಬೇಕು ಅಂತ ಕಾಯ್ದೆಯಲ್ಲಿ ಅಳತೆ ಬರೆದಿಲ್ಲ. ಕೋರ್ಟು ಆ ಪ್ರಾಣಿಯ ಗಾತ್ರ, ಸ್ವಭಾವ, ಎಷ್ಟು ಹೊತ್ತು ಕಟ್ಟಿದ್ರಿ, ಇದೆಲ್ಲ ಸೇರಿಸಿ ನೋಡುತ್ತೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಕೇಸಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನ ಈ 3 ಮತ್ತು 11ನೇ ಸೆಕ್ಷನ್‌ಗಳ ಜೊತೆ ಇಟ್ಟು ಓದಬೇಕು ಅಂತ ಹೇಳ್ತು. ಹಸಿವು ಬಾಯಾರಿಕೆ ಇರಬಾರದು, ಭಯ ಇರಬಾರದು, ಮೈಗೆ ಹಿಂಸೆ ಆಗಬಾರದು, ನೋವು ಕಾಯಿಲೆ ಇರಬಾರದು, ತನ್ನ ಸಹಜ ಸ್ವಭಾವದ ಹಾಗೆ ನಡ್ಕೊಳ್ಳೋಕೆ ಆಗಬೇಕು. (2023ರಲ್ಲಿ ಜಲ್ಲಿಕಟ್ಟು, ಕಂಬಳಕ್ಕೆ ರಾಜ್ಯಗಳು ತಂದ ತಿದ್ದುಪಡಿನ ಸುಪ್ರೀಂ ಕೋರ್ಟಿನದೇ ಐದು ಜಡ್ಜುಗಳ ಸಂವಿಧಾನ ಪೀಠ ಎತ್ತಿಹಿಡೀತು, ಹಾಗಂತ ಮನೇಲಿ ಸಾಕೋರ ಹೊಣೆ ಕಮ್ಮಿ ಆಗಿಲ್ಲ.) ನನ್ನ ಅನುಭವದಲ್ಲಿ ಜನ ಮೊದಲನೇದನ್ನ ನೋಡ್ಕೊಂಡು ಕೊನೇದನ್ನ ಪೂರ್ತಿ ಮರೀತಾರೆ.

ದಂಡದ ವಿಷಯ ಬಂದ್ರೆ ನಗು ಬರುತ್ತೆ. ಮೊದಲನೇ ಸಲ 10ರಿಂದ 50 ರೂಪಾಯಿ, ಮೂರು ವರ್ಷದೊಳಗೆ ಮತ್ತೆ ಮಾಡಿದ್ರೆ 25ರಿಂದ 100, ಇಲ್ಲಾ ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಇದು ನನ್ ಪ್ರಕಾರ ನಾಚಿಕೆಗೇಡು. ಆದ್ರೆ ಐವತ್ತು ರೂಪಾಯಿ ಬಿಸಾಕಿದ್ರೆ ಆಯ್ತು ಅಂತ ಬರೋರಿಗೆ ನಾನು 29ನೇ ಸೆಕ್ಷನ್ ತೋರಿಸ್ತೀನಿ, ಮತ್ತೆ ಹಿಂಸೆ ಆಗಬಹುದು ಅಂತ ಅನಿಸಿದ್ರೆ ಕೋರ್ಟು ಪ್ರಾಣಿನ ಸರ್ಕಾರಕ್ಕೆ ವಶಪಡಿಸಬಹುದು, ಮುಂದೆ ನೀವು ಪ್ರಾಣಿ ಸಾಕಲೇಬಾರದು ಅಂತಾನೂ ಆದೇಶ ಮಾಡಬಹುದು. ಕೇಸ್ ನಡೆಯೋವಾಗ ಆಶ್ರಯಧಾಮಕ್ಕೆ ಕಳಿಸಿದ್ರೆ ಆ ಖರ್ಚೂ ಓನರ್ ತಲೆ ಮೇಲೇ. ಇನ್ನು ಪ್ರಾಣಿನ ಕೊಂದ್ರೆ, ಅಂಗ ಊನ ಮಾಡಿದ್ರೆ, ಹಳೇ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, ಐದು ವರ್ಷದವರೆಗೆ ಜೈಲು. ನಿಮ್ಮ ನಾಯಿ ಬೇರೆಯವ್ರಿಗೆ ಕಚ್ಚೋ ಅಪಾಯ ಇದೆ ಅಂತ ಗೊತ್ತಿದ್ದೂ ಸುಮ್ನಿದ್ರೆ ಅದೇ ಸಂಹಿತೆಯ 291ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಕಂಪ್ಲೇಂಟ್ ಕೊಡೋರಿಗೂ ಒಂದು ಮಾತು. 1960ರ ಕಾಯ್ದೆಯ ಕೇಸು ಘಟನೆ ಆಗಿ ಮೂರು ತಿಂಗಳೊಳಗೆ ಶುರುವಾಗಬೇಕು, ಎಷ್ಟೋ ಒಳ್ಳೇ ಕೇಸು ಬರೀ ಇದಕ್ಕೇ ಬಿದ್ದುಹೋಗಿವೆ. ಮೇಲೆ ಹೇಳಿದ ಸರಪಳಿ, ಊಟದ ತಪ್ಪುಗಳಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟ್ ಆದೇಶ ಇಲ್ದೆ ತನಿಖೆ ಮಾಡೋ ಹಾಗಿಲ್ಲ, ಸ್ಟೇಷನ್ನಲ್ಲಿ ಕೂಗಾಡಿದ್ರೆ ಪ್ರಯೋಜನ ಇಲ್ಲ. ತಾರೀಕು ಸಮಯ ಬೀಳೋ ಹಾಗೆ ಫೋಟೋ ತೆಗೀರಿ, ಒಂದೇ ದಿನ ಅಲ್ಲ, ಬೆಳಗ್ಗೆ ಸಂಜೆ ನಾಲ್ಕೈದು ದಿನ. ಆಗೋದಾದ್ರೆ ಸರಪಳಿ ಪಕ್ಕ ಒಂದು ಅಳತೆ ಟೇಪ್ ಇಟ್ಟು ತೆಗೀರಿ, ಯಾಕಂದ್ರೆ "ಗಿಡ್ಡ" ಅನ್ನೋ ಒಂದೇ ಪದದ ಮೇಲೆ ನಾನು ಎದುರು ಕಡೆ ನಿಂತು ಎರಡು ಹಿಯರಿಂಗ್ ವಾದ ಎಳೆದಿದ್ದೀನಿ.