ಕಂಡ ಆಮೆ, ಉಳಿದ ಆಮೆ: ಬದುಕುಳಿಯುವ ದರದ ಸಿಮ್ಯುಲೇಶನ್

ಅಡಿಕೆ ತೋಟದಿಂದ ಶುರುಮಾಡಿದರೆ ನಮ್ಮ ಕಾಸರಗೋಡಿನವರಿಗೆ ಈ ಪಾಠ ಬೇಗ ಹಿಡಿಯುತ್ತದೆ. ನೂರು ಸಸಿ ನೆಟ್ಟಿದ್ದೀರಿ, ವರ್ಷ ಕಳೆದಾಗ ಎಂಬತ್ತು ಉಳಿದಿವೆ. ಹೋದವುಗಳಲ್ಲಿ ಒಂದನ್ನು ದನ ಮೆಟ್ಟಿತು, ಇನ್ನೊಂದರ ಮೇಲೆ ತೆಂಗಿನ ಮಡಲು ಬಿತ್ತು. ಇದು ಒಂದೊಂದು ಸಸಿಯ ಹಣೆಬರಹ. ಆದರೆ ಬೇಸಗೆಯಲ್ಲಿ ತೋಡು ಬತ್ತಿದ ವರ್ಷ ಇಡೀ ತೋಟಕ್ಕೇ ಪೆಟ್ಟು. ಈ ಎರಡು ಬಗೆಯ ನಷ್ಟವನ್ನು ಬೇರೆ ಬೇರೆಯಾಗಿ ಹಿಡಿಯುವುದೇ ಸಿಮ್ಯುಲೇಶನ್ನಿನ, ಅಂದರೆ ಅಂಕಿಗಳನ್ನು ನಾವೇ ಇಟ್ಟು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಅಣಕು ಪ್ರಯೋಗದ, ಜೀವಾಳ.

ಈಗ ಸಸಿಯ ಜಾಗದಲ್ಲಿ ಚಂದ್ರಗಿರಿ ಹೊಳೆಯ ದೈತ್ಯ ಮೆದುಚಿಪ್ಪಿನ ಆಮೆಯನ್ನು ಇಡೋಣ. ಮಲಯಾಳದಲ್ಲಿ ಪಾಲಪೂವನ್ ಎನ್ನುವ ಇದನ್ನು 2023ರಲ್ಲಿ ಕಾಸರಗೋಡು ತನ್ನ ಜಿಲ್ಲೆಯ ಜೀವಿಯೆಂದು ಘೋಷಿಸಿತು. ಬದುಕಿನ ಹೆಚ್ಚಿನ ಹೊತ್ತು ಮರಳಿನೊಳಗೆ ಹೂತುಕೊಂಡೇ ಇರುವ ಪ್ರಾಣಿ. ಅದಕ್ಕೆ ಟ್ಯಾಗ್ (ಜಾಡು ಹಿಡಿಯಲು ರೇಡಿಯೋ ಸದ್ದು ಕಳಿಸುವ ಗುರುತು) ಕಟ್ಟುವ ಮೊದಲು ಎಷ್ಟು ಆಮೆ, ಎಷ್ಟು ವರ್ಷ ಬೇಕು ಎಂದು ತಿಳಿದಿರಬೇಕು. ಹಿಡಿದು ತೊಂದರೆ ಕೊಟ್ಟಮೇಲೆ ಲೆಕ್ಕ ಸಾಲದೆಂದು ಗೊತ್ತಾದರೆ ಅದು ಪ್ರಾಣಿಗೆ ಮಾಡಿದ ಅನ್ಯಾಯ. ಮುಂದಿನ ಅಂಕಿಗಳೆಲ್ಲ ಅಭ್ಯಾಸಕ್ಕೆಂದು ನಾನು ಇಟ್ಟುಕೊಂಡವು, ಹೊಳೆಯಲ್ಲಿ ಎಣಿಸಿದವಲ್ಲ.

ಮೊದಲ ವರ್ಷದ ಬದುಕುಳಿಯುವ ದರ 0.80, ಅಂದರೆ ನೂರರಲ್ಲಿ ಎಂಬತ್ತು, ಎಂದುಕೊಳ್ಳಿ. ಇಳಿಕೆ ತೋರಿಸಲು ಪ್ರತಿ ವರ್ಷ ನೇರವಾಗಿ ಇಷ್ಟಿಷ್ಟು ಕಳೆಯುತ್ತ ಹೋಗಬಾರದು. ಹಾಗೆ ಮಾಡಿದರೆ ದರ ಎಂದಾದರೂ ಸೊನ್ನೆಗಿಂತ ಕೆಳಗೆ, ಏರಿಕೆಯಾದರೆ ಒಂದಕ್ಕಿಂತ ಮೇಲೆ ಹೋಗುತ್ತದೆ. ಅದಕ್ಕೇ ಲಾಜಿಟ್: ಉಳಿಯುವ ಸಂಭವವನ್ನು ಸಾಯುವ ಸಂಭವದಿಂದ ಭಾಗಿಸಿ, ಬಂದದ್ದಕ್ಕೆ ಸಹಜ ಲಾಗ್ ತೆಗೆಯುವುದು. 0.80ಕ್ಕೆ ಅದು 1.386. ಅಲ್ಲಿಂದ ವರ್ಷಕ್ಕೆ 0.1ರಂತೆ ಕಳೆದರೆ ಹತ್ತು ವರ್ಷದ ನಂತರ 0.386, ಹಿಂದಕ್ಕೆ ತಿರುಗಿಸಿದರೆ ದರ ಸುಮಾರು 0.595. ವರ್ಷಕ್ಕೆ 0.1ರ ಈ ಇಳಿಜಾರನ್ನೇ ನಾವು ಹುಡುಕಲು ಹೊರಟದ್ದು.

ಈ ಲಾಜಿಟ್ ಬೆಲೆಯ ಮೇಲೆ ಪ್ರತಿ ವರ್ಷಕ್ಕೂ ಒಂದು ರ‍್ಯಾಂಡಮ್ ಸಂಖ್ಯೆ ಕೂಡಿಸಿ. ಆ ವರ್ಷದ ಎಲ್ಲ ಆಮೆಗಳಿಗೂ ಅದೇ ಸಂಖ್ಯೆ. 2018, 2019ರ ಆಗಸ್ಟಿನಂಥ ಮಳೆ ಬಂದಾಗ ಯಾರನ್ನೂ ಬಿಡುವುದಿಲ್ಲವಲ್ಲ, ಹಾಗೆ. ಆಮೇಲೆ ಅದನ್ನು ದರಕ್ಕೆ ತಿರುಗಿಸಿ, ಪ್ರತಿ ಆಮೆಗೂ ಪ್ರತ್ಯೇಕವಾಗಿ ಆ ದರಕ್ಕೆ ತಕ್ಕಂತೆ ವಾಲಿದ ನಾಣ್ಯ ಚಿಮ್ಮಿ ಉಳಿಯಿತೋ ಇಲ್ಲವೋ ನೋಡಿ. ನಾನು ಮೊದಲ ಸಲ ಇದರ ಕಂಪ್ಯೂಟರ್ ಕೋಡ್ ಬರೆದಾಗ ವರ್ಷದ ಸಂಖ್ಯೆಯನ್ನೂ ಆಮೆಗೊಂದರಂತೆ ಕೊಟ್ಟಿದ್ದೆ. ಒಳ್ಳೆ ವರ್ಷ, ಕೆಟ್ಟ ವರ್ಷ ಎರಡೂ ಸರಾಸರಿಯಲ್ಲಿ ಕರಗಿಹೋದವು. ತಪ್ಪು ತಿಳಿಯಲು ಎರಡು ದಿನ ಬೇಕಾಯಿತು.

ಆಮೆಗಳ ಸಂಖ್ಯೆ ಎಷ್ಟು ಮುಖ್ಯ ಎನ್ನುವುದಕ್ಕೆ ಕಂಪ್ಯೂಟರ್ ಕೂಡ ಬೇಡ. 20 ಆಮೆ, ದರ 0.80. ಸ್ಟ್ಯಾಂಡರ್ಡ್ ಎರರ್, ಅಂದರೆ ಕೇವಲ ಆಕಸ್ಮಿಕದಿಂದ ಅಂದಾಜು ಅತ್ತಿತ್ತ ಸರಿಯುವ ಅಳತೆ, 0.8 × 0.2 ÷ 20ರ ವರ್ಗಮೂಲ, ಸುಮಾರು 0.09. ನಿಜವಾದ ದರ ಕದಲದೆ ನಿಂತಿದ್ದರೂ ಎಣಿಕೆ ಒಂದು ವರ್ಷ 0.70, ಮರುವರ್ಷ 0.90 ತೋರಿಸಬಹುದು. ಈ ತಪ್ಪನ್ನು ಅರ್ಧಕ್ಕಿಳಿಸಲು 40 ಸಾಲದು, 80 ಆಮೆ ಬೇಕು. ವರ್ಷಗಳ ವಿಷಯ ಇನ್ನೂ ಕಠಿಣ. ಪ್ರತಿ ವರ್ಷದ ಆರಂಭಕ್ಕೆ 20 ಜೀವಂತ ಆಮೆ ಇರುವಂತೆ ನೋಡಿಕೊಂಡರೂ, ಬರೇ 5 ವರ್ಷದ ದಾಖಲೆಯಲ್ಲಿ ಇಳಿಜಾರಿನ ಸ್ಟ್ಯಾಂಡರ್ಡ್ ಎರರ್ ಸುಮಾರು 0.17. ಹುಡುಕುತ್ತಿರುವ ಇಳಿಜಾರೇ 0.1! 11 ವರ್ಷವಾದರೆ ಅದು 0.05ರ ಹತ್ತಿರಕ್ಕೆ ಇಳಿಯುತ್ತದೆ, ಅದೂ ವರ್ಷದ ಏರುಪೇರು ಸೇರಿಸದೆ. ಹಾಗಾಗಿ ಐದು ವರ್ಷದ ಗ್ರಾಫ್ ಹಿಡಿದು "ಇಳಿಕೆ ಕಾಣಲಿಲ್ಲ" ಎಂದರೆ ಇಳಿಕೆ ಇಲ್ಲ ಎಂದಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ತಿಂಗಳ ದರದಲ್ಲಿಯೂ ಎಚ್ಚರ ಬೇಕು. 0.98 ಕೇಳಲು ಚೆನ್ನಾಗಿದೆ. ಹನ್ನೆರಡು ಸಲ ಗುಣಿಸಿದರೆ ವರ್ಷಕ್ಕೆ 0.785. 0.97 ಆದರೆ 0.694.

ಇನ್ನು ಕಾಣಿಸುವ ಪ್ರಶ್ನೆ. ಟ್ಯಾಗಿನ ಸದ್ದು ನಿಂತದ್ದು ಸಾವಲ್ಲ, ಬ್ಯಾಟರಿ ಮುಗಿದಿರಬಹುದು. ರೇಡಿಯೋ ದಾಖಲೆಯಲ್ಲಿ ಅಂಥ ಪ್ರಾಣಿಯನ್ನು ಕೊನೆಯ ಸದ್ದು ಕೇಳಿದ ದಿನದವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 1958ರಲ್ಲಿ ಕಪ್ಲಾನ್ ಮತ್ತು ಮೇಯರ್ ಕೊಟ್ಟ ವಿಧಾನ ಇಲ್ಲಿ ಒದಗುತ್ತದೆ. ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವ ಅಧ್ಯಯನಕ್ಕೆ ಕಾರ್ಮ್ಯಾಕ್ (1964), ಜಾಲಿ ಮತ್ತು ಸೀಬರ್ (1965) ರೂಪಿಸಿದ ಮಾದರಿ ಬೇಕು. ಅದು ಉಳಿಯುವ ದರವನ್ನೂ ಕಣ್ಣಿಗೆ ಬೀಳುವ ದರವನ್ನೂ ಬೇರೆ ಮಾಡುತ್ತದೆ. ಯಾಕೆ ಬೇರೆ ಮಾಡಬೇಕು? ಉಳಿಯುವ ದರ 0.80, ಕಾಣುವ ದರ 0.75 ಇದ್ದರೆ ಮರುವರ್ಷ ಮತ್ತೆ ಕಾಣುವುದು ನೂರರಲ್ಲಿ 60. ಹುಡುಕುವವರು ಕಡಿಮೆಯಾಗಿ ಕಾಣುವ ದರ 0.60ಕ್ಕೆ ಇಳಿದರೆ ಅದೇ 48. ಒಂದು ಆಮೆಯೂ ಹೆಚ್ಚಿಗೆ ಸಾಯಲಿಲ್ಲ, ಆದರೂ ಗ್ರಾಫ್ ಕುಸಿಯಿತು.

ಈ ಮಾದರಿಗೂ ಒಂದು ಮಿತಿ ಉಂಟು: ಜಾಗ ಬಿಟ್ಟು ಹೋದದ್ದು ಯಾವುದು, ಸತ್ತದ್ದು ಯಾವುದು ಎಂದು ಅದು ಬೇರೆ ಮಾಡಿ ಗುರುತಿಸಲಾರದು. ಚಂದ್ರಗಿರಿಗೆ ಸೇರುವ ಪಯಸ್ವಿನಿ ಹೊಳೆ ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ ನಮ್ಮಲ್ಲಿಗೆ ಬರುತ್ತಾಳೆ. ಹೊಳೆಗೆ ರಾಜ್ಯದ ಗಡಿ ಇಲ್ಲ, ನಮ್ಮ ಸಮೀಕ್ಷೆಗೆ ಉಂಟು. ಆಮೆಯೊಂದು ಮೇಲಕ್ಕೆ ಈಜಿ ಸುಳ್ಯದ ಕಡೆ ನೆಲೆಸಿದರೆ ನಮ್ಮ ಪುಸ್ತಕದಲ್ಲಿ ಅದು ಸತ್ತ ಲೆಕ್ಕ. ಆದ್ದರಿಂದ ಕೋಡಿಗೆ ಇನ್ನೊಂದು ಸಾಲು ಸೇರಿಸಿ: ಪ್ರತಿ ವರ್ಷ ನೂರರಲ್ಲಿ ಐದು ಆಮೆ ಗಡಿ ದಾಟಿ ಮರಳುವುದಿಲ್ಲ. ಸಾವಿನ ದರವನ್ನು ಮುಟ್ಟದೆ ಸಾವಿರ ಸಲ ಓಡಿಸಿ. 0.80 ಎಂದು ನೀವೇ ಇಟ್ಟ ದರ ಈಗ 0.76ರ ಸುತ್ತ ಬಂದು ನಿಲ್ಲುತ್ತದೆ.